ಹೇಳಿದ ಹಾಗೆ ಮಾಡುವವರ ಚರಿತ್ರೆ: ಸಾಣಿಕಟ್ಟಾದ ಉಪ್ಪಿನಿಂದ ಕುಮಟಾದ ಗೇರುಬೀಜದವರೆಗೆ

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ರಾಣಿಯರಿಲ್ಲ. ಒಂದು ಯುದ್ಧ ಬರುತ್ತದೆ, ಆದರೆ ಅದು ನಡೆದದ್ದು ಅಮೆರಿಕದಲ್ಲಿ.

ಈಗ ಯಾವ ಕಾಲೇಜಿಗೆ ಹೋದರೂ, ಕೆರಿಯರ್ ಬಗ್ಗೆ ಹೇಳಲು ಬಂದವರು ಮಕ್ಕಳಿಗೆ ಹೇಳೋದು ಒಂದೇ ಮಾತು. ಕ್ರಿಯೇಟಿವ್ ಆಗಿ, ಹೊಸದಾಗಿ ಯೋಚಿಸಿ. ಸರಿ. ಆದರೆ ಹತ್ತು ಜನರಲ್ಲಿ ಮೂರ್ನಾಲ್ಕು ಜನ ಹಾಗಿರೋದಿಲ್ಲ, ನಾವೆಲ್ಲ ನೋಡಿದ್ದೇವೆ. ಅವರಿಗೆ ಕೆಲಸ ಹೇಗೆ ಮಾಡಬೇಕು ಅಂತ ಒಂದು ಸಲ ಸರಿಯಾಗಿ ತೋರಿಸಿದರೆ ಸಾಕು, ಇಪ್ಪತ್ತು ವರ್ಷ ಅದೇ ಅಚ್ಚುಕಟ್ಟಲ್ಲಿ ಮಾಡ್ತಾರೆ. ದಿನಾ ಹೊಸದು ಯೋಚಿಸು ಅಂದರೆ ಅವರಿಗೆ ತಲೆನೋವು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಜನರ ಸ್ವಭಾವಕ್ಕೂ ಉದ್ಯೋಗಕ್ಕೂ ಸಂಬಂಧ ಹಾಕಿ ಒಂದು ವಾದ ಮುಂದಿಟ್ಟ. ಅದೇ ಮುಂದೆ ಬೆಳೆದು ಆರು ಬಗೆಯ ಪಟ್ಟಿಯಾಯಿತು. ಅದರಲ್ಲಿ ಒಂದು ಬಗೆ ‘ಕನ್ವೆನ್ಷನಲ್’: ನಿಯಮ, ಲೆಕ್ಕ, ಕ್ರಮ ಇದ್ದಲ್ಲಿ ನೆಮ್ಮದಿಯಾಗಿ ಕೆಲಸ ಮಾಡುವವರು. ಹಾಲೆಂಡ್‌ಗೆ ಇದು ಆರರಲ್ಲಿ ಒಂದು ಅಷ್ಟೇ, ಮೇಲೂ ಅಲ್ಲ ಕೆಳಗೂ ಅಲ್ಲ. ನಮ್ಮಲ್ಲಿ ಮಾತ್ರ ಇದನ್ನ ಒಂದು ಕೊರತೆ ಥರ ನೋಡ್ತೀವಿ.

ನನ್ನ ಪ್ರಶ್ನೆ ಇಷ್ಟು. ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲೂಕುಗಳಲ್ಲಿ ಇಂಥ ಸ್ವಭಾವದವರು ಏನು ತಯಾರು ಮಾಡಿದರು? ಅದರಿಂದ ಅವರಿಗೆ ಏನು ಸಿಕ್ಕಿತು? ಗುಡಿಗಾರರ ಗಂಧದ ಕೆತ್ತನೆ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ಬರೆಯಲೇಬೇಕು. ಪಕ್ಕದಲ್ಲೇ ಉಪ್ಪು ಎಳೆದವರ ಬಗ್ಗೆ, ಗೇರುಬೀಜ ಒಡೆದವರ ಬಗ್ಗೆ ಅಷ್ಟು ಬರೆದಿಲ್ಲ.

ಉಪ್ಪಿನಿಂದ ಶುರು ಮಾಡೋಣ.

ಕುಮಟಾ ತಾಲೂಕಿನಲ್ಲಿ, ಗೋಕರ್ಣಕ್ಕೆ ಹೋಗುವ ದಾರಿಯ ಹತ್ತಿರ, ಅಘನಾಶಿನಿ ಅಳಿವೆಯ ಬದಿಗೆ ಸಾಣಿಕಟ್ಟಾ ಇದೆ. ಬೇಸಿಗೆಯಲ್ಲಿ ಆ ಕಡೆ ಹೋದವರು ನೋಡಿರ್ತೀರಿ, ನೀರು ತುಂಬಿದ ಚೌಕ ಚೌಕ ಗದ್ದೆ, ನಡುವೆ ಸಣ್ಣ ಮಣ್ಣಿನ ಬದು, ಬದುವಿನ ಮೇಲೆ ಬಿಳಿ ಗುಪ್ಪೆ. ಫೋಟೋ ತೆಗೆದು ಹೋಗ್ತೀವಿ. ಆ ಗದ್ದೆಗಳಲ್ಲಿ ನಡೆಯೋದು ಒಂದು ಕಾರ್ಖಾನೆಯ ಕೆಲಸವೇ. ಇಂಧನ ಬಿಸಿಲು, ಕಚ್ಚಾಮಾಲು ಭರತದ ನೀರು.

ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ. ಅದರಲ್ಲಿ ನಾವು ತಿನ್ನುವ ಉಪ್ಪು ಸುಮಾರು 27 ಗ್ರಾಂ. ಉಳಿದದ್ದು ಸುಣ್ಣದ ಅಂಶ, ಜಿಪ್ಸಂ, ಮೆಗ್ನೀಸಿಯಂ ಲವಣಗಳು. ನೀರನ್ನ ಒಂದೇ ಗದ್ದೆಯಲ್ಲಿ ನಿಲ್ಲಿಸಿ ಪೂರ್ತಿ ಒಣಗಿಸಿದರೆ ಇದೆಲ್ಲ ಒಟ್ಟಿಗೆ ಕೂರುತ್ತದೆ, ಬಾಯಿಗೆ ಇಡೋಕೆ ಆಗೋದಿಲ್ಲ. ಉಪ್ಪು ಮಾಡೋದು ಅಂದರೆ ಇವನ್ನ ಬೇರೆ ಬೇರೆ ಕಡೆ ಕೂರಿಸೋದು.

ಭರತ ಏರಿದಾಗ ನೀರನ್ನ ಮೊದಲು ದೊಡ್ಡ ಕಟ್ಟಿಗೆ ಬಿಡ್ತಾರೆ. ಅಲ್ಲಿ ಕೆಸರು ತಳಕ್ಕೆ ಕೂರುತ್ತದೆ. ಅಲ್ಲಿಂದ ಒಂದೊಂದೇ ಗದ್ದೆ ದಾಟಿಸುತ್ತಾ ಹೋಗ್ತಾರೆ, ನೀರು ಬಿಸಿಲಿಗೆ ಗಟ್ಟಿಯಾಗುತ್ತಾ ಬರುತ್ತದೆ. ಈ ಗಟ್ಟಿತನ ಅಳೆಯೋಕೆ ಬೋಮೆ ಅಂತ ಒಂದು ಮಾಪನ ಇದೆ, ಹದಿನೆಂಟನೇ ಶತಮಾನದ ಫ್ರೆಂಚ್ ರಸಾಯನಶಾಸ್ತ್ರಜ್ಞನ ಹೆಸರಿನದು. ಸಮುದ್ರದ ನೀರು ಸುಮಾರು 3 ಡಿಗ್ರಿ. ಹದಿಮೂರು ಹದಿನೈದು ದಾಟಿದ ಹಾಗೆ ಜಿಪ್ಸಂ ಕೂರಲು ಶುರು. ಸುಮಾರು 25 ಡಿಗ್ರಿಗೆ ಬಂದಾಗ ಉಪ್ಪು ಹರಳುಗಟ್ಟುತ್ತದೆ. ಅಷ್ಟೊತ್ತಿಗೆ ನೀರು ಕೊನೆಯ ಗದ್ದೆಯಲ್ಲಿ ಇರಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. 29–30 ಡಿಗ್ರಿ ಆಗುವ ಹೊತ್ತಿಗೆ ಉಳಿದ ನೀರನ್ನ ಹೊರಗೆ ಬಿಡಲೇಬೇಕು. ಅದರಲ್ಲಿ ಮೆಗ್ನೀಸಿಯಂ ತುಂಬಿರುತ್ತದೆ. ಅದು ಉಪ್ಪಿಗೆ ಸೇರಿದರೆ ರುಚಿ ಕಹಿ, ಗಾಳಿಯ ತೇವ ಎಳೆದುಕೊಂಡು ಉಪ್ಪು ಯಾವಾಗಲೂ ಒದ್ದೆ.

ಬಿ.ಕಾಂ. ಓದಿದವರಿಗೆ ಕಾಸ್ಟಿಂಗ್ ಪೇಪರಿನ ಪ್ರೋಸೆಸ್ ಕಾಸ್ಟಿಂಗ್ ನೆನಪಿರಬೇಕು. ಒಂದು ಹಂತದ ಮಾಲು ಮುಂದಿನ ಹಂತಕ್ಕೆ ಹೋಗುತ್ತದೆ, ಪ್ರತಿ ಹಂತದಲ್ಲೂ ‘ಸಾಮಾನ್ಯ ನಷ್ಟ’ ಅಂತ ಒಂದಿಷ್ಟು ಬಿಡಬೇಕು, ಅದಕ್ಕಿಂತ ಹೆಚ್ಚಾದರೆ ‘ಅಸಾಮಾನ್ಯ ನಷ್ಟ’. ನಮಗೆ ಪುಸ್ತಕದಲ್ಲಿ ಕೊಡುತ್ತಿದ್ದ ಲೆಕ್ಕ ಎಲ್ಲಾ ಪೇಂಟ್ ಕಾರ್ಖಾನೆ, ಸಾಬೂನು ಕಾರ್ಖಾನೆದು. ಹದಿನೈದು ಕಿಲೋಮೀಟರ್ ಆಚೆ ಆಗರ ಇತ್ತು, ಆ ಲೆಕ್ಕವನ್ನ ಅಲ್ಲೇ ಗದ್ದೆ ಬದುವಿನ ಮೇಲೆ ನಿಂತು ಹೇಳಿಕೊಡಬಹುದಿತ್ತು.

ಗದ್ದೆಯ ತಳ ಸಿದ್ಧ ಮಾಡೋದು ಇನ್ನೂ ದೊಡ್ಡ ಕೆಲಸ. ಹೊನ್ನಾವರ–ಕುಮಟಾ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಮಳೆಗಾಲ ಮುಗಿದ ಮೇಲೆ ನೀರು ಬಸಿದು, ಬದು ಕಟ್ಟಿ, ಜೇಡಿಮಣ್ಣಿನ ತಳವನ್ನ ತುಳಿದು ತುಳಿದು, ಬಡಿದು ನೆಲಗಟ್ಟಿನ ಹಾಗೆ ಮಾಡಬೇಕು. ತಳ ಮೆತ್ತಗಿದ್ದರೆ ಉಪ್ಪು ಎಳೆಯುವಾಗ ಮಣ್ಣೂ ಬರುತ್ತದೆ. ಆಗರದಲ್ಲಿ ದುಡಿದ ಒಬ್ಬ ಅಜ್ಜ ನನಗೆ ಹೇಳಿದ್ದು ಹೀಗೆ: “ತಮಾ, ಅವಸರ ಮಾಡದವ್ನು ಉಪ್ಪು ತೆಗೀತಾನೆ. ಅವಸರ ಮಾಡ್ದವ ಮಣ್ಣು ತೆಗೀತಾನೆ.” ಉದ್ದ ಕೋಲಿಗೆ ಹಲಗೆ ಕಟ್ಟಿ ಎಳೆಯುವಾಗ ಕೈ ಎಷ್ಟು ಒತ್ತಬೇಕು ಅನ್ನೋದು ಎಲ್ಲೂ ಬರೆದಿಲ್ಲ. ಬರೆದಿಲ್ಲ ಅಂದ ಮಾತ್ರಕ್ಕೆ ಮನಸ್ಸಿಗೆ ಬಂದ ಹಾಗೆ ಮಾಡೋ ಕೆಲಸವೂ ಅಲ್ಲ.

ಇಲ್ಲಿ ಹೊಸತನ ತೋರಿಸೋಕೆ ಹೋದರೆ ಏನಾಗ್ತದೆ? ಬೇಗ ಆಗಲಿ ಅಂತ ಒಂದು ಗದ್ದೆ ಬಿಟ್ಟು ಮುಂದಿನದಕ್ಕೆ ನೀರು ಹಾಯಿಸಿದರೆ ಉಪ್ಪಿನಲ್ಲಿ ಜಿಪ್ಸಂ. ಇನ್ನೂ ಸ್ವಲ್ಪ ಸಿಗಲಿ ಅಂತ ಕೊನೆಯ ನೀರು ಉಳಿಸಿಕೊಂಡರೆ ಕಹಿ. ಆಗರದಲ್ಲಿ ಕ್ರಮ ತಪ್ಪಿದ ವಿಷಯ ಮುಚ್ಚಿಡೋಕೆ ಆಗೋದಿಲ್ಲ, ನಾಲಿಗೆಗೆ ಗೊತ್ತಾಗಿಬಿಡ್ತದೆ.

ಈ ಕೆಲಸ ತಲೆಮಾರುಗಳ ಕಾಲ ಮಾಡಿದವರು ಯಾರು? ಉತ್ತರ ಕನ್ನಡದಲ್ಲಿ ಆಗೇರರು ಅಂತ ಒಂದು ಸಮುದಾಯ ಇದೆ, ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಆ ಹೆಸರು ನೋಡಬಹುದು. ‘ಆಗರ’ ಅಂದರೆ ಉಪ್ಪಿನ ಗದ್ದೆ, ಅದರಿಂದಲೇ ಆ ಹೆಸರು. ಬೇರೆ ದೇಶದಲ್ಲಾಗಿದ್ದರೆ ಇಷ್ಟು ನಿಖರವಾಗಿ ಒಂದು ಪ್ರಕ್ರಿಯೆ ಗೊತ್ತಿದ್ದವರಿಗೆ ಮೇಸ್ತ್ರಿ, ಟೆಕ್ನೀಷಿಯನ್ ಅಂತ ಏನೋ ಒಂದು ಹುದ್ದೆಯ ಹೆಸರು ಬರುತ್ತಿತ್ತು. ಇಲ್ಲಿ ಕೆಲಸದ ಹೆಸರು ಜಾತಿಯ ಹೆಸರಾಯ್ತು, ಅದರ ಜೊತೆ ಊರಿನ ಹೊರಗಿನ ಜಾಗ ಬಂತು. ಈ ಕಂತು ಮಾಡುವಾಗ ನನಗೆ ಹೆಚ್ಚು ಕಾಡಿದ್ದು ಇದೇ.

ಇನ್ನೊಂದು ಪದರ ಇದೆ, ಸರ್ಕಾರದ್ದು. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಉಪ್ಪಿನ ಮೇಲೆ ಬ್ರಿಟಿಷರ ತೆರಿಗೆ 1882ರಲ್ಲಿ ಮಣಕ್ಕೆ 2 ರೂಪಾಯಿ, 1888ರಲ್ಲಿ ಎರಡೂವರೆ. ಒಂದು ಮಣ ಅಂದರೆ ಸುಮಾರು 37 ಕೆ.ಜಿ. ತಯಾರಿಸುವ ಖರ್ಚಿಗಿಂತ ತೆರಿಗೆಯೇ ಎಷ್ಟೋ ಪಟ್ಟು. ಹಾಗಾಗಿ ಆಗರಕ್ಕೆ ಎರಡನೇ ಒಂದು ಕ್ರಮ ಬಂತು: ಪರವಾನಗಿ, ತೂಕ, ಕಾವಲು, ದಾಖಲೆ. ಮೊದಲನೇ ಕ್ರಮ ಉಪ್ಪು ಚೆನ್ನಾಗಿ ಬರಲಿ ಅಂತ ಇದ್ದದ್ದು. ಎರಡನೆಯದು ಒಂದು ಮುಷ್ಟಿಯೂ ಲೆಕ್ಕ ತಪ್ಪದಿರಲಿ ಅಂತ. ಉಪ್ಪು ಮಾಡಿದವನೇ ಮನೆಗೆ ಚಿಟಿಕೆ ಒಯ್ದರೆ ಕಳ್ಳ.

1930ರ ಏಪ್ರಿಲ್ 13ರಂದು ಪಕ್ಕದ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದರ ಕಥೆ ನಿಮಗೆ ಗೊತ್ತು, ಇಲ್ಲಿ ಮತ್ತೆ ಹೇಳೋದಿಲ್ಲ. ಒಂದೇ ಒಂದು ಮಾತು. ಸತ್ಯಾಗ್ರಹಿಗಳು ಉಪ್ಪು ಮಾಡಿದ್ದು ಕಾನೂನು ಮುರಿಯಲು, ರುಚಿ ಅವತ್ತು ಮುಖ್ಯ ಆಗಿರಲಿಲ್ಲ. ಆಗರದವರಿಗೆ ಮಾರನೇ ದಿನವೂ ರುಚಿ ಮುಖ್ಯ. ತೆರಿಗೆ ಹೋದದ್ದು 1947ರಲ್ಲಿ. 1952ರಲ್ಲಿ ನಾಗರಬೈಲ್ ಉಪ್ಪು ಮಾಲೀಕರ ಸಹಕಾರಿ ಸಂಘ ಹುಟ್ಟಿತು, ಸಾಣಿಕಟ್ಟಾದ ಉಪ್ಪು ಅದರ ಮೂಲಕವೇ ಬರುತ್ತದೆ. ಸಂಘದ ಹೆಸರನ್ನ ಇನ್ನೊಂದು ಸಲ ಓದಿ. ಮಾಲೀಕರ ಸಂಘ. ಗದ್ದೆ ಇದ್ದವರಿಗೆ ಸಂಘ, ಗದ್ದೆಯಲ್ಲಿ ಇಳಿದವರಿಗೆ ಕೂಲಿ.

2006ರ ಮೇ ತಿಂಗಳಿಂದ ಅಯೋಡಿನ್ ಇಲ್ಲದ ಉಪ್ಪನ್ನ ನೇರ ಬಳಕೆಗೆ ಮಾರುವ ಹಾಗಿಲ್ಲ ಅಂತ ಕೇಂದ್ರದ ನಿಯಮ ಬಂತು. ಗಳಗಂಡದ ಕಾಯಿಲೆ ತಡೆಯೋಕೆ ಅದು ಬೇಕಾದದ್ದೇ, ನನಗೆ ಅದರಲ್ಲಿ ತಕರಾರಿಲ್ಲ. ಆದರೆ ಗುಜರಾತಿನ ದೊಡ್ಡ ಕಂಪನಿಗೆ ಅದು ಇನ್ನೊಂದು ಯಂತ್ರ, ಸಣ್ಣ ಆಗರಗಳಿಗೆ ಹೊಸ ಭಾರ. ದಪ್ಪ ಹರಳಿನ ಆಗರದ ಉಪ್ಪನ್ನ ನಮ್ಮ ಕಡೆ ಇವತ್ತಿಗೂ ಉಪ್ಪಿನಕಾಯಿಗೆ, ಮೀನು ಒಣಗಿಸೋಕೆ, ತೆಂಗಿನ ಬುಡಕ್ಕೆ ಅಂತ ಹುಡುಕಿ ತರ್ತಾರೆ.

ಈಗ ಯುದ್ಧಕ್ಕೆ ಬರೋಣ. ಉಪ್ಪಿನಲ್ಲಿ ಕ್ರಮ ತಪ್ಪಿದರೆ ಉಪ್ಪೇ ಹೇಳುತ್ತದೆ ಅಂದೆ. ಕ್ರಮ ತಪ್ಪಿದವನಿಗೆ ಲಾಭ ಆಗುವ ಮಾಲು ಇದ್ದರೆ? ಅದಕ್ಕೆ ಕುಮಟಾದ ಹತ್ತಿ ಉದಾಹರಣೆ.

ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ. ಆದರೂ ಹತ್ತೊಂಬತ್ತನೇ ಶತಮಾನದ ಲಿವರ್‌ಪೂಲ್ ಮಾರುಕಟ್ಟೆಯ ದರಪಟ್ಟಿಯಲ್ಲಿ ‘ಕೊಂಪ್ಟಾ’ ಅಂತ ಒಂದು ಹತ್ತಿ ಇತ್ತು. ಧಾರವಾಡ, ಹುಬ್ಬಳ್ಳಿ ಕಡೆಯ ಕಪ್ಪು ಮಣ್ಣಿನ ದೇಸಿ ಹತ್ತಿ ಗಾಡಿಗಳಲ್ಲಿ ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಬರ್ತಿತ್ತು, ಇಲ್ಲಿಂದ ಪತ್ತೇಮಾರಿಯಲ್ಲಿ ಮುಂಬಯಿಗೆ, ಅಲ್ಲಿಂದ ಇಂಗ್ಲೆಂಡಿಗೆ. ಬೆಳೆದ ಊರಿನ ಹೆಸರು ಹೋಗಿ ಹಡಗು ಹತ್ತಿದ ಊರಿನ ಹೆಸರು ಉಳಿಯಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ, ಲ್ಯಾಂಕಶೈರಿನ ಗಿರಣಿಗಳು ನಮ್ಮ ಕಡೆ ತಿರುಗಿದವು. ಬೆಲೆ ಆಕಾಶಕ್ಕೆ. ನಾಲ್ಕು ವರ್ಷ ಕುಮಟಾಕ್ಕೆ ಸುಗ್ಗಿ.

ಹತ್ತಿಯ ಬೀಜ ಬಿಡಿಸೋದು ಧಾರವಾಡ ಸೀಮೆಯಲ್ಲಿ ಹೆಂಗಸರ ಕೆಲಸ. ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸಲಾಕೆಯನ್ನ ಪಾದದಿಂದ ಉರುಳಿಸಿದರೆ ಬೀಜ ಹೊರಗೆ ಜಾರುತ್ತದೆ, ಎಳೆ ಮುರಿಯೋದಿಲ್ಲ. ನಿಧಾನ, ಆದರೆ ಹತ್ತಿ ಚೊಕ್ಕ. ಬೆಲೆ ಏರಿದ ಮೇಲೆ ನಿಧಾನಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ. ಬೀಜ ಉಳಿದರೆ ತೂಕ ಹೆಚ್ಚು. ನೀರು ಚಿಮುಕಿಸಿದರೆ ಇನ್ನೂ ಹೆಚ್ಚು. ಹಳೆ ಹತ್ತಿ, ಕೀಳು ಹತ್ತಿ ಹೊಟ್ಟೆಯಲ್ಲಿ ಸೇರಿಸಿ ಮೇಲೆ ಒಳ್ಳೆಯದು ಹಾಸಿದರೆ ಗೊತ್ತಾಗೋದು ಸಾವಿರಾರು ಮೈಲಿ ಆಚೆ ಅಂಡಿಗೆ ಬಿಚ್ಚಿದಾಗ. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ವಂಚನೆ ತಡೆಗೇ ಒಂದು ಕಾಯಿದೆ ತಂದು, ಇನ್‌ಸ್ಪೆಕ್ಟರುಗಳನ್ನ ನೇಮಿಸಿತು. ರೈತ, ದಲಾಲ, ಗಾಡಿಯವ, ಸಾಹುಕಾರ, ಎಲ್ಲರ ಕೈ ದಾಟುವ ಮಾಲಿನಲ್ಲಿ ಯಾರು ಕೆಡಿಸಿದರು ಅಂತ ಹೇಳೋದು ಹೇಗೆ? ಇನ್‌ಸ್ಪೆಕ್ಟರ್ ಹಿಡಿದದ್ದು ಅಂಡಿಗೆಯನ್ನ.

ನನಗೆ ಅನ್ನಿಸೋದು, ಪಾದದಿಂದ ಸಲಾಕೆ ಉರುಳಿಸಿದ ಆ ಹೆಂಗಸರಿಗೆ ಚೊಕ್ಕ ಹತ್ತಿಗೆ ಒಂದು ಕಾಸು ಹೆಚ್ಚು ಸಿಕ್ಕಿದ್ದರೆ ಕಾಯಿದೆಯ ಅರ್ಧ ಕೆಲಸ ಮುಗಿಯುತ್ತಿತ್ತು. ಬಿಡಿ, ಇದು ಕಾಮರ್ಸ್ ಹುಡುಗನ ಲೆಕ್ಕ. ಯುದ್ಧ ಮುಗಿಯಿತು, ಬೆಲೆ ಬಿತ್ತು. 1880ರ ದಶಕದಲ್ಲಿ ಹುಬ್ಬಳ್ಳಿಯಿಂದ ಗೋವಾದ ಮುರ್ಮಗೋವಾ ಬಂದರಿಗೆ ರೈಲು ಬಂದ ಮೇಲೆ ಹತ್ತಿ ಕುಮಟಾವನ್ನ ಮರೆತೇಬಿಟ್ಟಿತು. ಹೆಸರು ಮಾತ್ರ ಹತ್ತಿಯ ತಳಿಗೆ ಅಂಟಿಕೊಂಡು ಇಪ್ಪತ್ತನೇ ಶತಮಾನದಲ್ಲೂ ಉಳಿಯಿತು.

ಭಟ್ಕಳದ್ದು ಇದಕ್ಕಿಂತ ಮುನ್ನೂರೈವತ್ತು ವರ್ಷ ಹಿಂದಿನ ಮಾತು. ಹದಿನಾರನೇ ಶತಮಾನದ ಶುರುವಿನಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳ ಬಂದರಿನಿಂದ ಹೋಗುವ ಅಕ್ಕಿ, ಕಬ್ಬಿಣ, ಪುಡಿ ಸಕ್ಕರೆ ಬಗ್ಗೆ ಬರೆದಿದ್ದಾನೆ. ಕಬ್ಬಿನ ರಸ ಕಾಯಿಸುವಾಗ ಪಾಕ ಇಳಿಸುವ ಹೊತ್ತು ಎರಡು ನಿಮಿಷ ತಪ್ಪಿದರೆ ಏನಾಗುತ್ತದೆ ಅಂತ ಆಲೆಮನೆ ನೋಡಿದವರಿಗೆ ಗೊತ್ತು. ಆ ಹೊತ್ತು ಗೊತ್ತಿದ್ದವರು ಯಾರು, ಬಾರ್ಬೋಸಾ ಕೇಳಲಿಲ್ಲ. ಅವನಿಗೆ ಬೇಕಾದದ್ದು ಮಾಲು.

ಹೊನ್ನಾವರ, ಕುಮಟಾ ಕಡೆಯ ಈಗಿನ ಮಾತಿಗೆ ಬಂದರೆ, ಕ್ರಮಬದ್ಧವಾಗಿ ದುಡಿಯುವವರಿಗೆ ಸಿಗುವ ದೊಡ್ಡ ಕೆಲಸ ಗೇರುಬೀಜ. ಗೇರುಮರ ತಂದವರು ಪೋರ್ಚುಗೀಸರು. ಕಾರ್ಖಾನೆ, ರಫ್ತು ಅಂತ ಆದದ್ದು 1920ರ ದಶಕದಿಂದ ಈಚೆಗೆ, ಮೊದಲು ಕೊಲ್ಲಂ, ಮಂಗಳೂರು, ಆಮೇಲೆ ಕರಾವಳಿ ಉದ್ದಕ್ಕೆ. ಕುಮಟಾ ಅದರಲ್ಲಿ ಹೆಸರು ಮಾಡಿದ ಊರು. ನಮ್ಮ ಬೆಟ್ಟದ ಬೀಜ ಸಾಲದೆ ಆಫ್ರಿಕಾದಿಂದಲೂ ಬೀಜ ಬರುತ್ತದೆ.

ಬೀಜ ಒಣಗಿಸಿ, ಹಬೆಯಲ್ಲಿ ಬೇಯಿಸಿ, ತಣಿಸಿ, ಒಡೆಯುತ್ತಾರೆ. ಕೈಯಿಂದ ಬೀಜ ಇಟ್ಟು, ಕಾಲಿನಿಂದ ಒತ್ತುವ ಕತ್ತರಿ ಯಂತ್ರ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಕೈಗೆ ಬೂದಿಯೋ ಎಣ್ಣೆಯೋ ಹಚ್ಚಿಕೊಂಡೇ ಕೂರಬೇಕು. ಆಮೇಲೆ ಬಿಸಿ ಕೋಣೆಯಲ್ಲಿ ತಿರುಳು ಒಣಗಿಸಿ, ಒಳಸಿಪ್ಪೆ ತೆಗೆದು, ಗ್ರೇಡಿಂಗ್. 80 ಕೆ.ಜಿ. ಚೀಲಕ್ಕೆ ಸುಮಾರು 20 ಕೆ.ಜಿ. ತಿರುಳು ಸಿಕ್ಕಿದರೆ ಒಳ್ಳೆಯದೇ. ಇಡೀ ತಿರುಳಿಗೆ ಡಬ್ಲ್ಯೂ ಅಂತ ಗುರುತು. ಡಬ್ಲ್ಯೂ 180 ಅಂದರೆ ಒಂದು ಪೌಂಡಿಗೆ ಹೆಚ್ಚೆಂದರೆ 180 ತಿರುಳು, ಅಂದರೆ ದೊಡ್ಡದು. 210, 240, ಆಮೇಲೆ ಎಲ್ಲರಿಗೂ ಗೊತ್ತಿರುವ 320. ಅರ್ಧ ಆದದ್ದು, ಚೂರಾದದ್ದು, ಕಂದಿದ್ದು ಬೇರೆ ಬೇರೆ. ತುಂಬಿಸುವುದು 11.34 ಕೆ.ಜಿ. ಡಬ್ಬಿಗೆ. ಈ ವಿಚಿತ್ರ ತೂಕ ಎಲ್ಲಿಂದ ಬಂತು ಅಂದರೆ, ಅದು ಸರಿಯಾಗಿ 25 ಪೌಂಡು.

ಕುಮಟಾ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಗ್ರೇಡಿಂಗ್ ಮಾಡಿದ ಒಬ್ಬರು ಅಕ್ಕನ ಹತ್ತಿರ ಕೇಳಿದೆ, 210ಕ್ಕೂ 240ಕ್ಕೂ ವ್ಯತ್ಯಾಸ ಹೇಗೆ ಗೊತ್ತಾಗ್ತದೆ ಅಂತ. ನಕ್ಕರು. “ಲೆಕ್ಕ ಮಾಡ್ತಾ ಕೂತ್ರೆ ಸಂಜೆ ಆಗ್ತದೆ ತಮಾ. ಕೈ ಹೇಳ್ತದೆ.” ದಿನಾ ಅದೇ ಕೆಲಸ ಬೇಜಾರಾಗೋದಿಲ್ವಾ ಅಂದೆ. “ಬೇಜಾರು ಎಂತಕ್ಕೆ? ಇಲ್ಲಿ ಬಂದು ಕೂತ್ರೆ ಮನೆ ತಲೆಬಿಸಿ ಇಲ್ಲ. ಎಂತ ಮಾಡ್ಬೇಕು ಗೊತ್ತುಂಟು, ಮಾಡೂದು. ಬೇಜಾರು ಬರೂದು ಶನಿವಾರ ಲೆಕ್ಕ ಕೊಡುವಾಗ.”

ಒಡೆಯುವವರಿಗೂ ಸುಲಿಯುವವರಿಗೂ ಹೆಚ್ಚಾಗಿ ಕಿಲೋ ಲೆಕ್ಕ. ಇಡೀ ತಿರುಳಿಗೂ ಚೂರಿಗೂ ಮಾರುಕಟ್ಟೆಯಲ್ಲಿ ದೊಡ್ಡ ಅಂತರ ಇದೆ. ತಿರುಳು ಇಡಿಯಾಗಿ ಉಳಿಯೋದು ಕತ್ತರಿ ಒತ್ತುವ ಕಾಲು ಮತ್ತು ಸುಲಿಯುವ ಬೆರಳಿನ ಹದದಿಂದ. ಅಮೆರಿಕದ ಫ್ರೆಡರಿಕ್ ಟೇಲರ್ 1911ರಲ್ಲಿ ಬರೆದ ಪುಸ್ತಕ ನಮಗೆ ಮ್ಯಾನೇಜ್‌ಮೆಂಟ್ ಪಾಠದಲ್ಲಿತ್ತು. ಪ್ರತಿ ಕೆಲಸಕ್ಕೂ ಒಂದೇ ಒಂದು ಉತ್ತಮ ವಿಧಾನ ಇರುತ್ತದೆ, ಅದನ್ನ ಮ್ಯಾನೇಜರ್ ಅಳೆದು ಕಂಡುಹಿಡಿದು ಕೆಲಸಗಾರನಿಗೆ ಕೊಡಬೇಕು ಅಂತ ಅವನ ವಾದ. ಆಗರದಲ್ಲಾಗಲಿ ಗೇರುಬೀಜದ ಮೇಜಿನ ಮುಂದಾಗಲಿ ನಾನು ನೋಡಿದ್ದು ಇದರ ತಿರುವುಮುರುವು. ವಿಧಾನ ಕೆಲಸಗಾರರ ಕೈಯಲ್ಲಿತ್ತು, ಮ್ಯಾನೇಜರ್ ಹತ್ತಿರ ಇದ್ದದ್ದು ತಕ್ಕಡಿ. ಆದರೆ ಟೇಲರ್ ಒಂದು ಮಾತು ಹೇಳಿದ್ದ, ವಿಧಾನ ಸರಿಯಾಗಿ ಪಾಲಿಸಿದವನಿಗೆ ಕೂಲಿ ಹೆಚ್ಚು ಕೊಡಬೇಕು ಅಂತ. ನಮ್ಮ ಕಡೆ ಅವನ ಗಡಿಯಾರ ಬಂತು, ಆ ಮಾತು ಬರಲಿಲ್ಲ.

ಈಗ ಒಡೆಯುವ ಯಂತ್ರ ಬಂದಿದೆ, ಸುಲಿಯುವ ಯಂತ್ರ ಬಂದಿದೆ, ಬಣ್ಣ ನೋಡಿ ಬೇರ್ಪಡಿಸುವ ಕ್ಯಾಮೆರಾ ಯಂತ್ರವೂ ಬಂದಿದೆ. ಕೈ ಸುಡುವ ಕೆಲಸ ಯಂತ್ರಕ್ಕೆ ಹೋದರೆ ಒಳ್ಳೆಯದೇ, ಯಾರೂ ಅಳಬೇಕಾಗಿಲ್ಲ. ಆದರೆ ಕ್ರಮ ಇಷ್ಟಪಡುವ ಹುಡುಗ ಹುಡುಗಿಯರು ಮುಂದೆ ಎಲ್ಲಿಗೆ ಹೋಗ್ತಾರೆ? ಯಂತ್ರ ಬಂದ ಕಾರ್ಖಾನೆಗೂ ಇಂಥವರೇ ಬೇಕು. ಬ್ಲೇಡಿನ ಅಂತರ ಹೊಂದಿಸೋಕೆ, ತೇವಾಂಶ ನೋಡಿ ಬರೆದಿಡೋಕೆ, ಹಬೆಯ ಒತ್ತಡ ಗಮನಿಸೋಕೆ, ರಫ್ತಿನ ಡಬ್ಬಿ ಸೀಲ್ ಆಗುವ ಮೊದಲು ಮಾದರಿ ತೆಗೆದು ಪರೀಕ್ಷೆ ಮಾಡೋಕೆ. ನಾನು ನೋಡಿದ ಕಡೆ ಈ ಕೆಲಸಗಳಿಗೆ ಹೊರಗಿಂದ ಐ.ಟಿ.ಐ. ಮುಗಿಸಿದ ಹುಡುಗರನ್ನ ತರುತ್ತಾರೆ. ಇಪ್ಪತ್ತು ವರ್ಷ ಮೇಜಿನ ಮುಂದೆ ಕೂತ ಅಕ್ಕಂದಿರನ್ನ, ಅವರ ಮಕ್ಕಳನ್ನ ಕೇಳೋದಿಲ್ಲ. ಕಂದಿದ ತಿರುಳು ಯಾವುದು ಅಂತ ಆ ಕ್ಯಾಮೆರಾ ಯಂತ್ರಕ್ಕೆ ಮೊದಲ ಸಲ ಹೊಂದಿಸುವಾಗ ಮಾತ್ರ ಮಾದರಿ ಆರಿಸಿ ಕೊಡಲು ಅದೇ ಅಕ್ಕನನ್ನ ಕರೆದಿದ್ದರಂತೆ. ಎರಡು ದಿನ ಆರಿಸಿ ಕೊಟ್ಟರು. ಆ ಎರಡು ದಿನಕ್ಕೂ ಮಾಮೂಲಿ ಲೆಕ್ಕವೇ ಸಿಕ್ಕಿದ್ದು.

ಕೊನೆಗೆ ಒಂದು ಕೇಳಿಕೆ. ಸಾಣಿಕಟ್ಟಾ, ಗೋಕರ್ಣ, ತದಡಿ ಕಡೆಯ ಕೇಳುಗರು, ನಿಮ್ಮ ಮನೆಯಲ್ಲಿ ಆಗರದಲ್ಲಿ ದುಡಿದ ಹಿರಿಯರಿದ್ದರೆ, ಒಂದೊಂದು ಗದ್ದೆಗೆ, ಒಂದೊಂದು ಹಂತದ ನೀರಿಗೆ ಅವರು ಏನಂತ ಕರೆಯುತ್ತಿದ್ದರು ಅಂತ ಕೇಳಿ, ಅವರ ಧ್ವನಿಯಲ್ಲೇ ರೆಕಾರ್ಡ್ ಮಾಡಿ ನನಗೆ ಕಳಿಸಿ. ಮಾಪಕ ಬರುವ ಮೊದಲು ಇಪ್ಪತ್ತೈದು ಡಿಗ್ರಿ ಅಂತ ಹೇಗೆ ಗುರುತಿಸುತ್ತಿದ್ದರು ಅನ್ನೋದನ್ನೂ ಕೇಳಿ. ಮುಂದಿನ ಕಂತು ಮಂಗಳೂರು ಹಂಚಿನ ಬಗ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಶುರು ಮಾಡಿದ ಕಾರ್ಖಾನೆಯಿಂದ.